ಹತ್ತಿ ಹೋದ ಊರಿನ ಹಸಿರು

ಹುಬ್ಬಳ್ಳಿಯಲ್ಲಿ ದಾದರ್ ಎಕ್ಸ್‌ಪ್ರೆಸ್ ಹತ್ತುವ ನವಲಗುಂದ, ಕುಂದಗೋಳದ ಮಂದಿಗೆ ಮುಂಬೈಯಲ್ಲಿ ಏನೇನು ನೋಡಬೇಕೆಂಬುದು ಮೊದಲೇ ಗೊತ್ತಿರುತ್ತದೆ: ಗೇಟ್‌ವೇ, ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಜುಹು. ಗಿಡಮರ ನೋಡಲು ಅಷ್ಟು ದೂರ ಯಾಕೆ, ಕಲಘಟಗಿಯ ತೇಗದ ಕಾಡು ಸಾಲದೇ ಎನ್ನುವವರೂ ಉಂಟು. ಆದರೆ ಆ ಬಂದರು ನಗರದ ಹಳೆಯ ಉದ್ಯಾನಗಳಿಗೂ ಧಾರವಾಡ ಜಿಲ್ಲೆಯ ಎರೆಹೊಲಕ್ಕೂ ಹತ್ತಿರದ ನಂಟಿದೆ.

ಕೋಟೆ ಪ್ರದೇಶದ ಹಾರ್ನಿಮನ್ ಸರ್ಕಲ್‌ನಿಂದಲೇ ಶುರುಮಾಡಬಹುದು. ಕಬ್ಬಿಣದ ಬೇಲಿಯೊಳಗೆ ದುಂಡನೆಯ ತೋಟ, ಸುತ್ತ ಕಮಾನಿನ ಕಟ್ಟಡಗಳು, ಎದುರಿಗೆ ಟೌನ್ ಹಾಲ್. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಇದು ದೂಳೆದ್ದ ಬಯಲು. ಹಡಗಿಗೆ ಕಾಯುವ ಹತ್ತಿ ಅಂಡಿಗೆಗಳನ್ನು ಇಲ್ಲೇ ಒಟ್ಟುತ್ತಿದ್ದುದರಿಂದ ‘ಕಾಟನ್ ಗ್ರೀನ್’ ಎಂದೂ ಕರೆಯುತ್ತಿದ್ದರು. 1844ರಲ್ಲಿ ಹತ್ತಿ ವಹಿವಾಟು ಕೊಲಾಬಾಕ್ಕೆ ಸರಿಯಿತು. 1872ರ ಹೊತ್ತಿಗೆ ಬಯಲು ತೋಟವಾಯಿತು. ಸ್ವಾತಂತ್ರ್ಯ ಹೋರಾಟದ ಪರ ನಿಂತ ‘ಬಾಂಬೆ ಕ್ರಾನಿಕಲ್’ ಪತ್ರಿಕೆಯ ಸಂಪಾದಕ ಬೆಂಜಮಿನ್ ಹಾರ್ನಿಮನ್ ಅವರ ಹೆಸರು ಆಮೇಲೆ ಬಂದದ್ದು.

ನಮ್ಮ ಕಡೆಯ ಹತ್ತಿಗೂ ಮುಂಬೈಯೇ ದೊಡ್ಡ ಪೇಟೆ. ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರಿ, ಅಲ್ಲಿಂದ ಹಾಯಿ ಹಡಗಿನಲ್ಲಿ ಹೋಗುತ್ತಿದ್ದುದರಿಂದ ನಾಡತಳಿಗೆ ಅಲ್ಲಿ ‘ಕುಮಟಾ’ ಎಂದೇ ಹೆಸರು. 1840ರ ದಶಕದಲ್ಲಿ ನ್ಯೂ ಆರ್ಲಿಯನ್ಸ್ ಬೀಜ ತಂದು ಬೆಳೆಸಿದ್ದು ‘ಧಾರವಾಡ ಅಮೆರಿಕನ್’. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಅಲ್ಲಿನ ಹತ್ತಿ ನಿಂತುಹೋಗಿ ಲ್ಯಾಂಕಶೈರ್ ಗಿರಣಿಗಳು ಇತ್ತ ತಿರುಗಿದ್ದೇ ತಡ, ದರ ಗಗನಕ್ಕೇರಿತು. ಮುಂಬೈಗೆ ಹಣದ ಹೊಳೆ ಹರಿಯಿತು; 1865ರಲ್ಲಿ ಯುದ್ಧ ಮುಗಿದಾಗ ಅಷ್ಟೇ ಜೋರಾಗಿ ಇಳಿಯಿತು.

ಆ ಭರಾಟೆಯ ನಡುವೆಯೇ, 1862ರ ನವೆಂಬರ್‌ನಲ್ಲಿ, ಬೈಕಲಾದಲ್ಲಿ ವಿಕ್ಟೋರಿಯಾ ಗಾರ್ಡನ್ಸ್ ಬಾಗಿಲು ತೆರೆಯಿತು. ಅದಕ್ಕೆ ಮೂಲ ಸಿವ್ರಿಯಲ್ಲಿ ತೋಟ ಮಾಡಿಕೊಂಡಿದ್ದ ಕೃಷಿ ಮತ್ತು ತೋಟಗಾರಿಕೆಯ ಸಂಘ. ಸಿವ್ರಿಯ ಜಾಗ ಸ್ಮಶಾನಕ್ಕೆ ಹೋದದ್ದರಿಂದ ಗಿಡಗಳ ನೆಲೆ ಬೈಕಲಾಕ್ಕೆ ಬದಲಾಯಿತು. 1873ರಲ್ಲಿ ನಗರಸಭೆ ವಹಿಸಿಕೊಂಡಿತು. ಪ್ರಾಣಿಸಂಗ್ರಹಾಲಯ ಸೇರಿಕೊಂಡದ್ದು ಆಮೇಲೆ. ಈಗಿನ ಹೆಸರು ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ. ಜನರ ಬಾಯಲ್ಲಿ ಮಾತ್ರ ರಾಣಿಬಾಗ್.

ಹೆಚ್ಚಿನವರು ಹೋಗುವುದು 2016ರಲ್ಲಿ ಬಂದಿಳಿದ ಪೆಂಗ್ವಿನ್‌ಗಳನ್ನು ನೋಡಲು. ಆ ಸಾಲು ತಪ್ಪಿಸಿ ಬದಿಯ ದಾರಿಗೆ ಹೊರಳಿದರೆ ಸಿಗುವುದು ಮರಗಳ ಲೋಕ. ಒಂದು ಎಣಿಕೆಯ ಪ್ರಕಾರ ಇಲ್ಲಿ 286 ಜಾತಿಯ ಮೂರು ಸಾವಿರಕ್ಕೂ ಹೆಚ್ಚು ಮರಗಳಿವೆ. ನಾಗಲಿಂಗದ ಬುಡದಲ್ಲಿ ನಿಂತರೆ ಕೊಂಬೆ ನೋಡಬೇಕಿಲ್ಲ. ಹೂವು ಬರುವುದೇ ಕಾಂಡದಿಂದ, ಅದೂ ಎದೆಮಟ್ಟದಲ್ಲಿ. ಶಿವನ ಗುಡಿಗಳಲ್ಲಿ ಮನೆಮಾಡಿರುವ ಈ ಮರದ ತವರು ದಕ್ಷಿಣ ಅಮೆರಿಕ. ಬರ್ಮಾದಿಂದ ಬಂದ ಊರ್ವಶಿ ಇನ್ನೂ ಅಪರೂಪ: ಹಳದಿ ಚುಕ್ಕೆಯ ಕೆಂಪು ಹೂಗಳು ಉದ್ದನೆಯ ತೊಟ್ಟಿನಲ್ಲಿ ಕೆಳಮುಖವಾಗಿ ಜೋಲುತ್ತವೆ, ಎಳೆಯ ಎಲೆಗಳೂ ಬಾಡಿದಂತೆ ಇಳಿಬಿದ್ದಿರುತ್ತವೆ. ಆನೆಯ ಕಾಲಿನಂಥ ಬುಡದ ಬಾವೋಬಾಬ್ ಎದುರಾದರೆ ಕುಂದಗೋಳದವರು ಬೆರಗಾಗಬೇಕಿಲ್ಲ. ನೆರೆಯ ಸವಣೂರಿನ ಮಠದ ಆವರಣದಲ್ಲಿ ‘ದೊಡ್ಡ ಹುಣಸೆ’ ಎನಿಸಿಕೊಂಡಿರುವುದು ಆಫ್ರಿಕಾ ಮೂಲದ ಇದೇ ಮರ.

ಈ ಮರಗಳು ಸುಮ್ಮನೆ ಉಳಿದುಬಂದಿಲ್ಲ. ಉದ್ಯಾನವನ್ನು ಅಂತರರಾಷ್ಟ್ರೀಯ ಮಟ್ಟದ ಪ್ರಾಣಿಸಂಗ್ರಹಾಲಯ ಮಾಡುವ ಭಾರೀ ಯೋಜನೆ ಬಂದಾಗ ಮುಂಬೈಯ ನಾಗರಿಕರು, ಅದರಲ್ಲೂ ಮಹಿಳೆಯರು, ‘ರಾಣಿಬಾಗ್ ಉಳಿಸಿ’ ಎಂದು ಮುಂದೆ ಬಂದರು. ಮರಗಳನ್ನು ಎಣಿಸಿ, ಹೆಸರು ಬರೆದು ದಾಖಲೆ ಮಾಡಿದರು. ಪಕ್ಕದಲ್ಲೇ 1872ರಲ್ಲಿ ತೆರೆದ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯವಿದೆ. ಅದರ ಹೊರಗೆ ನಿಂತಿರುವ ಕಲ್ಲಿನಾನೆ ಎಲಿಫೆಂಟಾ ದ್ವೀಪದ್ದು. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಹೋಗಿ ಅದು ಒಡೆದುಬಿದ್ದಿತ್ತು. ಚೂರುಗಳನ್ನು ಆಮೇಲೆ ಜೋಡಿಸಿದ್ದಾರೆ.

ಮಲಬಾರ್ ಹಿಲ್‌ನ ಹ್ಯಾಂಗಿಂಗ್ ಗಾರ್ಡನ್‌ನಲ್ಲಿ ಮಕ್ಕಳು ನೋಡುವುದು ಪ್ರಾಣಿಯ ಆಕಾರಕ್ಕೆ ಕತ್ತರಿಸಿದ ಗಿಡಗಳನ್ನು. ಕೆರೆ ನೀರನ್ನೇ ನೆಚ್ಚಿ ಬದುಕಿದ ನವಲಗುಂದ ಕಡೆಯವರಿಗೆ ಹೇಳಬೇಕಾದ್ದು ಬೇರೆ: ಆ ಹುಲ್ಲುಹಾಸಿನ ಅಡಿಯಲ್ಲಿರುವುದು ದಕ್ಷಿಣ ಮುಂಬೈಗೆ ಕುಡಿಯುವ ನೀರು ಕೊಡುವ ಜಲಾಶಯ. 1880ರ ದಶಕದಿಂದಲೂ ತೋಟ ಅದರ ಮುಚ್ಚಳವಾಗಿದೆ. ಎದುರಿನ ಕಮಲಾ ನೆಹರೂ ಪಾರ್ಕ್‌ನಲ್ಲಿ ಬೂಟಿನ ಆಕಾರದ ಮನೆ, ಕೆಳಗೆ ಚೌಪಾಟಿಯ ನೋಟ. ಹತ್ತಿರದಲ್ಲೇ ಗುಡ್ಡದ ಕಾಡಿನ ನಡುವೆ 485 ಮೀಟರ್ ಉದ್ದದ ಎತ್ತರಿಸಿದ ಕಾಲುದಾರಿ 2025ರಲ್ಲಿ ತೆರೆದಿದೆ.

ಒಂದೇ ದಿನದಲ್ಲಿ ಮುಗಿಸುವವರು ಬೆಳಗ್ಗೆ ದಾದರ್‌ನಲ್ಲಿಳಿದು ಲೋಕಲ್ ರೈಲಿನಲ್ಲಿ ಬೈಕಲಾಕ್ಕೆ ಹೋಗಬೇಕು. ಬಿಸಿಲೇರುವ ಮುನ್ನ ಮರಗಳನ್ನು ನೋಡಿಬಿಡಬೇಕು. ಬುಧವಾರ ರಾಣಿಬಾಗ್‌ಗೆ ರಜೆ. ಮಧ್ಯಾಹ್ನಕ್ಕೆ ಹಾರ್ನಿಮನ್ ಸರ್ಕಲ್‌ನ ನೆರಳು, ಸಂಜೆಗೆ ಮಲಬಾರ್ ಹಿಲ್. ಮರಳಿ ದಾದರ್‌ಗೆ ಬಂದಾಗ ಹೊತ್ತು ಉಳಿದಿದ್ದರೆ ಪಾರ್ಸಿ ಕಾಲನಿಯ ಫೈವ್ ಗಾರ್ಡನ್ಸ್ ಇದೆ, ಅಲ್ಲಿಂದ ಮಾಟುಂಗಾ ದೂರವಿಲ್ಲ. ಕನ್ನಡ ಮಾತು ಕಿವಿಗೆ ಬೀಳುವ ಆ ಬಡಾವಣೆಯಲ್ಲಿ ರಾತ್ರಿಯ ಊಟ ಮುಗಿಸಿಯೇ ರೈಲು ಹತ್ತಬಹುದು.