ಮೊಮ್ಮಕ್ಕಳು ಬರುವ ಮೊದಲು ಮನೆಯ ಕರೆಂಟ್ ನೋಡಿಕೊಳ್ಳಿ



ಬೇಸಿಗೆ ರಜೆ ಬಂತೆಂದರೆ ನಮ್ಮ ಅನೇಕ ಸದಸ್ಯರ ಮನೆಗಳಿಗೆ ಬೆಂಗಳೂರು, ಪುಣೆ, ಹೈದರಾಬಾದಿನಿಂದ ಮೊಮ್ಮಕ್ಕಳು ಬರುತ್ತಾರೆ. ವರ್ಷವಿಡೀ ಹಿರಿಯರಿಬ್ಬರೇ ಇರುವ ಮನೆಯಲ್ಲಿ ನೆಲದ ಮೇಲಿನ ಎಕ್ಸ್‌ಟೆನ್ಶನ್ ಬೋರ್ಡು, ಮಂಚದ ಪಕ್ಕದ ಚಾರ್ಜರು ಯಾರ ಗಮನಕ್ಕೂ ಬರುವುದಿಲ್ಲ. ಅಂಬೆಗಾಲಿಡುವ ಮಗುವಿನ ಕಣ್ಣಿಗೆ ಮೊದಲು ಬೀಳುವುದೇ ಅವು.

"ನಮ್ಮ ಮನೆಗೆ ಎಂಸಿಬಿ ಹಾಕಿಸಿದ್ದೇವೆ, ಭಯವಿಲ್ಲ" ಎಂದು ಹಲವರು ಹೇಳುತ್ತಾರೆ. ಇಲ್ಲೇ ತಪ್ಪು ತಿಳುವಳಿಕೆ ಇದೆ. ಎಂಸಿಬಿ ಇರುವುದು ವೈರು ಸುಡದಂತೆ ಕಾಯಲು. 16 ಆಂಪಿಯರಿನ ಎಂಸಿಬಿ ಬೀಳಬೇಕಾದರೆ ಅದಕ್ಕಿಂತ ಹೆಚ್ಚು ಕರೆಂಟ್ ಹರಿಯಬೇಕು. ಆದರೆ ನಮ್ಮ 230 ವೋಲ್ಟಿನ ಲೈನು ತಾಗಿದಾಗ ಮೈಯಲ್ಲಿ ಹರಿಯುವುದು ಒಂದು ಆಂಪಿಯರಿಗಿಂತ ಬಹಳ ಕಡಿಮೆ. ಜೀವಕ್ಕೆ ಅಷ್ಟೇ ಅಪಾಯ, ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ.

ಜೀವ ಕಾಯುವ ಸಾಧನ ಆರ್‌ಸಿಸಿಬಿ. ಕೆಲವು ಕಡೆ ಇಎಲ್‌ಸಿಬಿ ಎಂದೂ ಕರೆಯುತ್ತಾರೆ. ಫೇಸ್ ವೈರಿನಲ್ಲಿ ಹೋದ ಕರೆಂಟೆಲ್ಲ ನ್ಯೂಟ್ರಲಿನಲ್ಲಿ ವಾಪಸು ಬಂತೇ ಎಂದು ಇದು ಸದಾ ಲೆಕ್ಕ ನೋಡುತ್ತಿರುತ್ತದೆ. ಜಮೆ-ಖರ್ಚು ತಾಳೆಯಾಗದಿದ್ದರೆ, ಅಂದರೆ ಸ್ವಲ್ಪ ಕರೆಂಟ್ ಯಾರದೋ ಮೈಮೂಲಕ ನೆಲಕ್ಕೆ ಹೋದರೆ, ಕ್ಷಣಾರ್ಧದಲ್ಲಿ ಲೈನ್ ಕತ್ತರಿಸುತ್ತದೆ. ಮನೆಗೆ 30 ಮಿಲಿಆಂಪಿಯರಿನದೇ ಇರಲಿ. 100 ಅಥವಾ 300ರದು ಜೀವರಕ್ಷಣೆಗೆ ಸಾಲದು. ಅದರ ಮೇಲಿನ 'ಟಿ' ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ.

ಆದರೆ ಮಗು ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಆರ್‌ಸಿಸಿಬಿಯೂ ಕೈಕೊಡಬಹುದು. ಆದ್ದರಿಂದ ಈ ಕೆಳಗಿನವುಗಳನ್ನೂ ಗಮನಿಸಿ.

1. ಐಎಸ್‌ಐ ಗುರುತಿನ, ಶಟರ್ ಇರುವ ಸಾಕೆಟ್ ಹಾಕಿಸಿ. ಪ್ಲಗ್ಗಿನ ಉದ್ದನೆಯ ಅರ್ತ್ ಪಿನ್ನು ಮೊದಲು ಒಳಹೋದರೆ ಮಾತ್ರ ಉಳಿದೆರಡು ತೂತುಗಳು ತೆರೆಯುತ್ತವೆ. ಎರಡು ಪಿನ್ನಿನ ಪ್ಲಗ್ ಕೂರಿಸಲು ಮೇಲಿನ ತೂತಿಗೆ ಪೆನ್ನು ತೂರಿಸುವ ಅಭ್ಯಾಸ ಬಿಡಿ. ಮಕ್ಕಳು ನೋಡಿ ಕಲಿಯುತ್ತಾರೆ.

2. ಮೊಬೈಲ್ ತೆಗೆದ ಕೂಡಲೇ ಸ್ವಿಚ್ ಆರಿಸಿ, ಚಾರ್ಜರನ್ನೂ ತೆಗೆದಿಡಿ. ನೇತಾಡುವ ತುದಿ ನೇರ ಮಗುವಿನ ಬಾಯಿಗೆ ಹೋಗುತ್ತದೆ.

3. ಕಬ್ಬಿಣದ ಕೂಲರಿಗೆ ನೀರು ತುಂಬುವಾಗ ಪ್ಲಗ್ ಕಿತ್ತಿಡಿ. ಅದಕ್ಕೆ ಮೂರು ಪಿನ್ನಿನ ಪ್ಲಗ್ಗೇ ಇರಲಿ. ಬಕೆಟ್ಟಿನಲ್ಲಿ ಹೀಟರ್ ರಾಡ್ ಇಟ್ಟು ಬಚ್ಚಲು ಬಾಗಿಲು ತೆರೆದಿಡಬೇಡಿ.

4. ಸೊಲ್ಲಾಪುರ, ಆದೋನಿ, ರಾಯದುರ್ಗದ ಕಡೆ ಬೇಸಿಗೆಯಲ್ಲಿ ನೆಲ ಒಣಗಿ ಅರ್ತಿಂಗ್ ದುರ್ಬಲವಾಗುತ್ತದೆ. ಅರ್ತ್ ಗುಂಡಿಗೆ ಆಗಾಗ ನೀರು ಹಾಕಿ. ಕಾಸರಗೋಡು, ವಯನಾಡಿನಲ್ಲಿ ಮಳೆಗಾಲದ ಒದ್ದೆ ಗೋಡೆಯೇ ಸಮಸ್ಯೆ. ಸ್ವಿಚ್ ಬೋರ್ಡು ಮುಟ್ಟಿದರೆ ಜುಮ್ ಎಂದರೆ ತಡಮಾಡದೆ ತೋರಿಸಿ.

ಶಾಕ್ ಹೊಡೆದಾಗ ಮಗುವನ್ನು ಬರಿಗೈಯಿಂದ ಎಳೆಯಬೇಡಿ, ನೀವೂ ಸಿಕ್ಕಿಕೊಳ್ಳುತ್ತೀರಿ. ಮೊದಲು ಮೇನ್ ಸ್ವಿಚ್ ಆರಿಸಿ. ಇನ್ವರ್ಟರ್ ಇದ್ದರೆ ಅದನ್ನೂ ಆರಿಸಿ. ಮೇನ್ ಬಿದ್ದರೂ ಇನ್ವರ್ಟರ್ ಲೈನಿನಲ್ಲಿ ಕರೆಂಟ್ ಇರುತ್ತದೆ. ಆರಿಸಲಾಗದಿದ್ದರೆ ಒಣ ಮರದ ಕೋಲು ಅಥವಾ ಪ್ಲಾಸ್ಟಿಕ್ ಕುರ್ಚಿಯಿಂದ ಮಗುವನ್ನು ವೈರಿನಿಂದ ಬಿಡಿಸಿ. ನಂತರ 108 ಅಥವಾ 112ಕ್ಕೆ ಕರೆ ಮಾಡಿ. ಉಸಿರಾಟವಿಲ್ಲದಿದ್ದರೆ ಸಿಪಿಆರ್ ತಿಳಿದವರು ಕೂಡಲೇ ಆರಂಭಿಸಲಿ.

ಮಗು ಅತ್ತು ಸುಮ್ಮನಾಯಿತು ಎಂದು ಮನೆಯಲ್ಲೇ ಉಳಿಯಬೇಡಿ, ವೈದ್ಯರಿಗೆ ತೋರಿಸಿ. ಮುಖ್ಯವಾಗಿ, ವೈರು ಕಚ್ಚಿ ತುಟಿಯ ಅಂಚು ಸುಟ್ಟಿದ್ದರೆ, ಒಂದೆರಡು ವಾರಗಳೊಳಗೆ ಹಕ್ಕಳೆ ಉದುರುವಾಗ ಜೋರಾಗಿ ರಕ್ತ ಹರಿಯುವ ಸಂಭವವಿದೆ.

ಕೊನೆಯದಾಗಿ ಒಂದು ಸಣ್ಣ ಕೆಲಸ. ಮೇನ್ ಸ್ವಿಚ್ ಮತ್ತು ಇನ್ವರ್ಟರ್ ಮೇಲೆ "ಇಲ್ಲಿ ಆರಿಸಿ" ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ಕನ್ನಡದಲ್ಲೂ ಬರೆಯಿರಿ, ನಿಮ್ಮೂರಿನ ಮರಾಠಿ, ತೆಲುಗು, ತಮಿಳು ಅಥವಾ ಮಲಯಾಳಂನಲ್ಲೂ ಬರೆಯಿರಿ. ಆ ಹೊತ್ತಿಗೆ ಅಜ್ಜಿಯೇ ಓಡಬೇಕಾದೀತು, ಇಲ್ಲವೇ ಪಕ್ಕದ ಮನೆಯವರು. ಇಬ್ಬರಿಗೂ ಓದಲು ಬರಬೇಕು.

ಇತಿ,
ಕಾರ್ಯದರ್ಶಿ