ಎಚ್ಚರಿಕೆಯ ಬೆಲೆ ತೆರುವವರು ಯಾರು?

ಮಳೆಗಾಲದಲ್ಲಿ ಪತ್ರಿಕೆಗಳ ಮುಖಪುಟದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಸುದ್ದಿಯೊಂದಿದೆ. ಕರಾವಳಿಯ ಮೂರು ಜಿಲ್ಲೆಗಳಲ್ಲಿ ಭಾರೀ ಮಳೆಯ ಸಂಭವ, ರೆಡ್ ಅಲರ್ಟ್ ಘೋಷಣೆ, ಮೀನುಗಾರರು ಕಡಲಿಗೆ ಇಳಿಯಬಾರದೆಂಬ ಸೂಚನೆ. ಬೆಂಗಳೂರಿನ ಓದುಗನಿಗೆ ಇದು ಹವಾಮಾನ ವರದಿ, ಅಷ್ಟೆ. ಉಡುಪಿಯಲ್ಲಿ ಸರ್ಕಾರಿ ನೌಕರಿಯಲ್ಲಿರುವವನಿಗೆ ಮಕ್ಕಳ ಶಾಲೆಗೆ ರಜೆ ದೊರೆತ ಸಮಾಚಾರ. ಅವನ ಸಂಬಳಕ್ಕೆ ಅದರಿಂದ ಯಾವ ಬಾಧೆಯೂ ಇಲ್ಲ. ಗಂಗೊಳ್ಳಿಯ ನಾಡದೋಣಿ ಮೀನುಗಾರನಿಗೆ ಮಾತ್ರ ಅದು ಆ ದಿನದ ದುಡಿಮೆಯನ್ನೇ ಕಿತ್ತುಕೊಳ್ಳುವ ಆದೇಶ. ಸೂಚನೆ ಎಲ್ಲರಿಗೂ ಒಂದೇ. ಅದನ್ನು ಪಾಲಿಸಲು ತಗಲುವ ವೆಚ್ಚ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಈ ವೆಚ್ಚವನ್ನು ಯಾರು ಭರಿಸಬೇಕು ಎಂಬ ಪ್ರಶ್ನೆ ನಮ್ಮ ವಿಪತ್ತು ನಿರ್ವಹಣೆಯ ಚರ್ಚೆಗಳಲ್ಲಿ ಬದಿಗೆ ಸರಿದಿದೆ.

ಮುನ್ಸೂಚನೆಯ ವಿಜ್ಞಾನ ಕಳೆದ ಎರಡೂವರೆ ದಶಕಗಳಲ್ಲಿ ಬಹಳ ಮುಂದೆ ಸಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. 1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆ ಇಂದು ಮಳೆ, ಗಾಳಿ, ಚಂಡಮಾರುತಗಳ ಬಗ್ಗೆ ದಿನಗಳ ಮೊದಲೇ ಹೇಳಬಲ್ಲದು. 24 ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ, 115.6 ಮಿಲಿಮೀಟರ್ ಮುಟ್ಟಿದರೆ ಅತಿ ಭಾರೀ, 204.5 ಮಿಲಿಮೀಟರ್ ಮುಟ್ಟಿದರೆ ಅತ್ಯಂತ ಭಾರೀ ಮಳೆ ಎಂದು ಅದು ವರ್ಗೀಕರಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಅಲೆಗಳ ಎತ್ತರ ಮತ್ತು ಉಬ್ಬರದ ಮುನ್ಸೂಚನೆ ನೀಡುತ್ತದೆ.

ಈ ಪ್ರಗತಿಯ ಫಲವನ್ನು ಒಡಿಶಾದಲ್ಲಿ ಕಾಣಬಹುದು. 1999ರ ಅಕ್ಟೋಬರ್ 29ರಂದು ಅಪ್ಪಳಿಸಿದ ಮಹಾ ಚಂಡಮಾರುತಕ್ಕೆ ಅಲ್ಲಿ ಸುಮಾರು 10,000 ಜನ ಬಲಿಯಾದರು. 2013ರ ಫೈಲಿನ್ ಚಂಡಮಾರುತದ ವೇಳೆಗೆ ಸುಮಾರು 10 ಲಕ್ಷ ಜನರನ್ನು ಮುಂಚಿತವಾಗಿ ಸ್ಥಳಾಂತರಿಸಲಾಗಿತ್ತು. ಸಾವಿನ ಸಂಖ್ಯೆ 50ರ ಒಳಗೇ ಉಳಿಯಿತು. 2019ರ ಫೋನಿ ಬಂದಾಗ ಸುಮಾರು 12 ಲಕ್ಷ ಜನ ಮನೆ ಬಿಟ್ಟು ಸುರಕ್ಷಿತ ತಾಣಗಳಿಗೆ ತೆರಳಿದರು.

ಈ ಯಶಸ್ಸನ್ನು ಉಪಗ್ರಹ ಮತ್ತು ರಾಡಾರುಗಳ ಖಾತೆಗಷ್ಟೇ ಬರೆಯುವುದು ಸರಿಯಾಗದು. 1999ರ ನಂತರ ಒಡಿಶಾ ತನ್ನದೇ ವಿಪತ್ತು ನಿರ್ವಹಣಾ ಪ್ರಾಧಿಕಾರವನ್ನು ರಚಿಸಿತು. ತೀರದುದ್ದಕ್ಕೂ ಆಶ್ರಯ ಕಟ್ಟಡಗಳನ್ನು ಕಟ್ಟಿಸಿತು, ಅಲ್ಲಿ ಬೇಯಿಸಿದ ಊಟದ ವ್ಯವಸ್ಥೆ ಮಾಡಿತು, ಊರಿನ ಸ್ವಯಂಸೇವಕರಿಗೆ ತರಬೇತಿ ಕೊಟ್ಟಿತು. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಎಚ್ಚರಿಕೆಯನ್ನು ಪಾಲಿಸುವ ವೆಚ್ಚವನ್ನು ಬಡವನ ಹೆಗಲಿನಿಂದ ಸ್ವಲ್ಪಮಟ್ಟಿಗಾದರೂ ಇಳಿಸಿತು. ಹೋದ ಕಡೆ ಸೂರೂ ಅನ್ನವೂ ಸಿಗುತ್ತದೆಂಬ ಭರವಸೆಯಿದ್ದರೆ ಮನುಷ್ಯ ಮನೆ ಬಿಟ್ಟು ಹೊರಡುತ್ತಾನೆ.

ಪಶ್ಚಿಮ ಕರಾವಳಿಗೆ ಈ ಪಾಠ ಈಗ ತುರ್ತಾಗಿ ಬೇಕಾಗಿದೆ. ಚಂಡಮಾರುತವೆಂದರೆ ಬಂಗಾಳ ಕೊಲ್ಲಿಯ ಪೀಡೆ ಎಂದು ನಾವು ಬಹುಕಾಲ ನಂಬಿದ್ದೆವು. ಅರಬ್ಬೀ ಸಮುದ್ರದ ನೀರು ಬಿಸಿಯಾಗುತ್ತಿರುವಂತೆ ಆ ನಂಬಿಕೆ ಸಡಿಲಗೊಂಡಿದೆ. 2019ರ ಒಂದೇ ವರ್ಷದಲ್ಲಿ ಅಲ್ಲಿ ಐದು ಚಂಡಮಾರುತಗಳು ಎದ್ದವು. ಆ ವರ್ಷದ ಅಕ್ಟೋಬರ್ ಕೊನೆಯ ವಾರದಲ್ಲಿ ಬಂದ ಕ್ಯಾರ್ ನಮ್ಮ ತೀರವನ್ನು ನೇರವಾಗಿ ತಟ್ಟದಿದ್ದರೂ, ಮೀನುಗಾರಿಕೆಯ ಭರಾಟೆಯ ದಿನಗಳಲ್ಲಿ ದೋಣಿಗಳನ್ನು ದಡದಲ್ಲಿ ಕಟ್ಟಿಹಾಕಿತು. ಕಾರವಾರ ಬಂದರಿನಲ್ಲಿ ಹೊರರಾಜ್ಯಗಳ ಬೋಟುಗಳೂ ಬಂದು ಆಶ್ರಯ ಪಡೆದವು.

ಎಚ್ಚರಿಕೆ ಸಮಯಕ್ಕೆ ತಲುಪದಿದ್ದರೆ ಆಗುವ ಅನಾಹುತವನ್ನು 2017ರ ಓಖಿ ತೋರಿಸಿತು. ನವೆಂಬರ್ 29ರಂದು ವಾಯುಭಾರ ಕುಸಿತವಾಗಿದ್ದದ್ದು ಮರುದಿನವೇ ಚಂಡಮಾರುತವಾಯಿತು. ಕನ್ಯಾಕುಮಾರಿ ಮತ್ತು ತಿರುವನಂತಪುರದ ಮೀನುಗಾರರಲ್ಲಿ ಅನೇಕರು ಆ ವೇಳೆಗೆ ದಿನಗಟ್ಟಲೆಯ ಮೀನುಗಾರಿಕೆಗೆಂದು ಆಳ ಸಮುದ್ರ ಸೇರಿದ್ದರು. ಮೊಬೈಲ್ ಸಂಕೇತ ದಡದಿಂದ ಒಂದಷ್ಟು ದೂರದಲ್ಲೇ ನಿಂತುಹೋಗುತ್ತದೆ. ಮುನ್ನೂರಕ್ಕೂ ಹೆಚ್ಚು ಮೀನುಗಾರರು ಸತ್ತರು ಅಥವಾ ಕಾಣೆಯಾದರು. ಈ ಕೊರತೆಯನ್ನು ತುಂಬಲು ಒಂದು ಲಕ್ಷ ದೋಣಿಗಳಿಗೆ ಉಪಗ್ರಹ ಆಧಾರಿತ ಸಂಪರ್ಕ ಸಾಧನ ಅಳವಡಿಸುವ 364 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ಚಾಲನೆ ನೀಡಿತು. ಇದು ಸ್ವಾಗತಾರ್ಹ.

ಆದರೆ ಸಂದೇಶ ತಲುಪಿದ ಮಾತ್ರಕ್ಕೆ ಎಲ್ಲವೂ ಮುಗಿಯಿತೇ? 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ಹವಾಮಾನ ಇಲಾಖೆಯ ಎಚ್ಚರಿಕೆ ದಿನಗಳ ಮೊದಲೇ ಹೊರಬಿದ್ದಿತ್ತು. ಹಾಗಿದ್ದೂ ಮುಂಬಯಿಯಾಚೆಯ ತೈಲ ಕ್ಷೇತ್ರದಲ್ಲಿದ್ದ ಪಿ-305 ಬಾರ್ಜ್ ಬಂದರಿಗೆ ಮರಳದೆ ಕಡಲಿನಲ್ಲೇ ಉಳಿಯಿತು. 261 ಜನರಿದ್ದ ಆ ಬಾರ್ಜ್ ಮುಳುಗಿ 70ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅದೇ ಬಿರುಗಾಳಿಯಲ್ಲಿ ನಮ್ಮ ಮೂಲ್ಕಿ ಸಮೀಪ ಬಂಡೆಗಳ ನಡುವೆ ಸಿಲುಕಿದ ಟಗ್ ಒಂದರಿಂದ ಒಂಬತ್ತು ಮಂದಿಯನ್ನು ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆ ರಕ್ಷಿಸಬೇಕಾಯಿತು. ಬಾರ್ಜಿನ ಕೆಲಸಗಾರರಲ್ಲಿ ಯಾರೂ ತಾವು ಅಲ್ಲೇ ಉಳಿಯಬೇಕೆಂದು ನಿರ್ಧರಿಸಿದವರಲ್ಲ. ನಿರ್ಧಾರ ಕೈಗೊಳ್ಳುವವರು ಬೇರೆ, ಅಪಾಯ ಎದುರಿಸುವವರು ಬೇರೆ ಆದಾಗ ಎಚ್ಚರಿಕೆಯ ಬಲ ಕುಗ್ಗುತ್ತದೆ.

ಮೀನುಗಾರಿಕಾ ಬೋಟಿನ ಲೆಕ್ಕಾಚಾರವೂ ಇದೇ ಜಾಡಿನದು. ಮಲ್ಪೆ ಅಥವಾ ಮಂಗಳೂರಿನಿಂದ ಹೊರಟ ಆಳಸಮುದ್ರದ ಟ್ರಾಲ್ ಬೋಟು ಎಂಟು ಹತ್ತು ದಿನ ಕಡಲಿನಲ್ಲಿರುತ್ತದೆ. ಡೀಸೆಲ್, ಮಂಜುಗಡ್ಡೆ, ಪಡಿತರಗಳಿಗೆ ಹಣ ಮೊದಲೇ ಹೂಡಿಕೆಯಾಗಿರುತ್ತದೆ. ಮಾಲೀಕನ ತಲೆಯ ಮೇಲೆ ಬ್ಯಾಂಕಿನ ಕಂತು ಇರುತ್ತದೆ. ಮೂರನೆಯ ದಿನ ಎಚ್ಚರಿಕೆ ಬಂದು ಮರಳಿದರೆ ಆ ಹೂಡಿಕೆಯಷ್ಟೂ ನಷ್ಟ. ತಾಂಡೇಲ ಇನ್ನೊಂದು ದಿನ ಕಾದು ನೋಡೋಣವೆಂದರೆ ಅದು ದುಸ್ಸಾಹಸವಲ್ಲ, ಲೆಕ್ಕ. ಹೊರರಾಜ್ಯಗಳಿಂದ ದುಡಿಯಲು ಬಂದ, ಕನ್ನಡ ತುಳುಗಳೆರಡೂ ಬಾರದ ಖಲಾಸಿಗೆ ಆ ಲೆಕ್ಕದಲ್ಲಿ ಮಾತೇ ಇಲ್ಲ.

ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವಿದೆ. ಆಗ ಕಡಲಿಗೆ ಇಳಿಯುವವರು ನಾಡದೋಣಿಯವರು. ಅವರ ಸುಗ್ಗಿಯೂ ರೆಡ್ ಅಲರ್ಟ್‌ಗಳ ಕಾಲವೂ ಒಂದೇ. ಅವರಿಗೆ ಆಕಾಶ ನೋಡಿ ತಿಳಿಯುವ ಪರಂಪರೆಯ ಜ್ಞಾನವಿದೆ ನಿಜ. ಆದರೆ ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಹುಟ್ಟಿದ ಹೆದ್ದೆರೆಗಳು ಇಲ್ಲಿ ಗಾಳಿ ಮೋಡಗಳ ಸುಳಿವಿಲ್ಲದ ದಿನವೂ ದಡಕ್ಕೆ ನುಗ್ಗಬಲ್ಲವು. ಕೇರಳದವರು ಅದನ್ನು ಕಳ್ಳಕಡಲ್ ಎಂದು ಕರೆಯುತ್ತಾರೆ. ಅಂಥ ದಿನ ಮೀನುಗಾರ ತನ್ನ ಕಣ್ಣನ್ನು ನಂಬದೆ ಸರ್ಕಾರದ ಮಾತನ್ನು ನಂಬಬೇಕು. ನಂಬಿದ್ದಕ್ಕೆ ಅವನಿಗೆ ದೊರೆಯುವುದೇನು?

ನಮ್ಮ ಸಹಾಯಧನದ ಸ್ವರೂಪವನ್ನು ಗಮನಿಸಿ. ಯಾಂತ್ರಿಕ ದೋಣಿಗಳ ಡೀಸೆಲ್‌ಗೆ ತೆರಿಗೆ ರಿಯಾಯಿತಿ ಇದೆ, ನಾಡದೋಣಿಗಳಿಗೆ ರಿಯಾಯಿತಿ ದರದ ಸೀಮೆಎಣ್ಣೆ ಇದೆ. ಕಡಲಿಗೆ ಹೋದರೆ ನೆರವು ಉಂಟು. ವಿಪತ್ತಿನಲ್ಲಿ ಸತ್ತರೆ ಕುಟುಂಬಕ್ಕೆ 4 ಲಕ್ಷ ರೂಪಾಯಿ ಪರಿಹಾರವೂ ಉಂಟು. ನಿಷೇಧದ ತಿಂಗಳುಗಳಿಗಾಗಿ ಉಳಿತಾಯ ಪರಿಹಾರ ಯೋಜನೆಯಿದೆ. ಸರ್ಕಾರವೇ ಹೋಗಬೇಡ ಎಂದ ದಿನ ದಡದಲ್ಲಿ ಕುಳಿತವನಿಗೆ ಮಾತ್ರ ನಿಶ್ಚಿತವಾದ ನೆರವು ಯಾವುದೂ ಇಲ್ಲ. ಮಾತು ಕೇಳಿದವನಿಗೆ ನಷ್ಟ, ಕೇಳದೆ ಹೋಗಿ ಬದುಕಿ ಬಂದವನಿಗೆ ಲಾಭ ಎಂಬ ಈ ಏರ್ಪಾಡು ಅಪಾಯಕ್ಕೆ ಕೊಟ್ಟ ಉತ್ತೇಜನವೇ ಸರಿ.

ಕಡಲಿನ ಮಾತು ಅಳಿವೆಯ ದಂಡೆಯ ಕುದ್ರುಗಳಿಗೂ ಅನ್ವಯಿಸುತ್ತದೆ. ಘಟ್ಟದಲ್ಲಿ ಹುಟ್ಟುವ ನಮ್ಮ ನದಿಗಳ ಹರಿವು ಗಿಡ್ಡ; ಮೇಲೆ ಸುರಿದ ಮಳೆ ಗಂಟೆಗಳಲ್ಲಿ ಕೆಳಗಿಳಿಯುತ್ತದೆ. ಅದೇ ಹೊತ್ತಿಗೆ ಉಬ್ಬರವಿದ್ದು, ಪಡುವಣ ಗಾಳಿ ಕಡಲನ್ನು ದಡಕ್ಕೆ ಒತ್ತುತ್ತಿದ್ದರೆ ನದಿಯ ನೀರಿಗೆ ಹೊರದಾರಿ ಇಲ್ಲವಾಗುತ್ತದೆ. 2020ರ ಸೆಪ್ಟೆಂಬರ್ 20ರಂದು ಒಂದೇ ರಾತ್ರಿಯ ಮಳೆಗೆ ಸ್ವರ್ಣಾ ನದಿ ಉಕ್ಕಿ ಉಡುಪಿಯ ತಗ್ಗು ಪ್ರದೇಶಗಳು ಮುಳುಗಿದವು. 2019ರ ಆಗಸ್ಟ್‌ನಲ್ಲಿ ಕದ್ರಾ ಜಲಾಶಯದಿಂದ ಬಿಟ್ಟ ನೀರು ಕಾಳಿ ದಂಡೆಯ ಗ್ರಾಮಗಳಿಗೆ ನುಗ್ಗಿತು. ಮಳೆಯ ಸೂಚನೆ ಒಂದು ಸಂಸ್ಥೆಯದು, ಅಲೆಯದು ಇನ್ನೊಂದರದು, ಜಲಾಶಯದ್ದು ಮತ್ತೊಂದರದು. ಕುದ್ರುವಿನ ಗೃಹಿಣಿಗೆ ಬೇಕಾದದ್ದು ಒಂದೇ ಉತ್ತರ: ತನ್ನ ಅಂಗಳಕ್ಕೆ ನೀರು ಎಷ್ಟು ಹೊತ್ತಿಗೆ, ಎಷ್ಟು ಎತ್ತರಕ್ಕೆ ಬರಲಿದೆ? ಆಡಳಿತದಲ್ಲಿದ್ದ ವರ್ಷಗಳಲ್ಲಿ ನಾನು ಕಂಡಂತೆ, ಇಡೀ ಜಿಲ್ಲೆಗೆ ಹೊರಡಿಸಿದ ಎಚ್ಚರಿಕೆಯನ್ನು ಜನ ತಮ್ಮದಲ್ಲವೆಂದು ಭಾವಿಸುವುದೇ ಹೆಚ್ಚು. ಎರಡು ಬಾರಿ ಹುಸಿಯಾದರೆ ಮೂರನೆಯದಕ್ಕೆ ಕದಲುವುದಿಲ್ಲ.

ಆದ್ದರಿಂದ ಮಾಡಬೇಕಾದ ಕೆಲಸ ಎರಡು. ಮೊದಲನೆಯದು, ಎಚ್ಚರಿಕೆಯನ್ನು ಸ್ಥಳಕ್ಕೆ ತಕ್ಕಂತೆ ಕಿರಿದುಗೊಳಿಸುವುದು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಅವುಗಳ ಮಾಹಿತಿಯನ್ನು ಉಬ್ಬರದ ವೇಳಾಪಟ್ಟಿ ಮತ್ತು ಜಲಾಶಯದ ಹೊರಹರಿವಿನೊಂದಿಗೆ ಜೋಡಿಸಿ ಅಳಿವೆವಾರು ಸೂಚನೆ ನೀಡಬೇಕು. ಎಚ್ಚರಿಕೆ ನಿಖರವಾದಷ್ಟೂ ವ್ಯರ್ಥವಾಗುವ ದುಡಿಮೆಯ ದಿನಗಳು ಕಡಿಮೆಯಾಗುತ್ತವೆ.

ಎರಡನೆಯದು, ಉಳಿದ ನಷ್ಟವನ್ನು ಹಂಚಿಕೊಳ್ಳುವುದು. ಹವಾಮಾನ ಎಚ್ಚರಿಕೆಯಿಂದ ದುಡಿಮೆ ಕಳೆದುಕೊಂಡ ಮೀನುಗಾರ ಕುಟುಂಬಗಳಿಗೆ ಕೇರಳ ಸರ್ಕಾರ 2021ರಲ್ಲಿ ತಲಾ 3,000 ರೂಪಾಯಿ ನೆರವು ಘೋಷಿಸಿತು. ಅದನ್ನು ಆಗೊಮ್ಮೆ ಈಗೊಮ್ಮೆಯ ಔದಾರ್ಯವಾಗಿಸದೆ ವಿಮೆಯ ಸ್ವರೂಪಕ್ಕೆ ತರಬಹುದು. ಒಂದು ಋತುವಿನಲ್ಲಿ ನಿಷೇಧಾಜ್ಞೆಯ ದಿನಗಳು ನಿಗದಿತ ಮಿತಿ ದಾಟಿದೊಡನೆ, ನೋಂದಾಯಿತ ಖಲಾಸಿ ಮತ್ತು ನಾಡದೋಣಿ ಮೀನುಗಾರರ ಖಾತೆಗೆ ನೇರವಾಗಿ ಹಣ ಜಮೆಯಾಗಬೇಕು. ಎಚ್ಚರಿಕೆಯೇ ದಾಖಲೆಯಾದ್ದರಿಂದ ನಷ್ಟದ ಸಮೀಕ್ಷೆ ಬೇಡ, ಪಂಚನಾಮೆ ಬೇಡ, ಮಧ್ಯವರ್ತಿಯೂ ಬೇಡ.

ಇದಕ್ಕೆ ಆಕ್ಷೇಪಗಳು ಬರುವುದು ಸಹಜ. ದಡದಲ್ಲಿ ಕುಳಿತವರಿಗೆ ಹಣ ಕೊಟ್ಟರೆ ಸೋಮಾರಿತನ ಬೆಳೆಯುತ್ತದೆ ಎನ್ನುವವರಿದ್ದಾರೆ. ಒಳ್ಳೆಯ ದಿನದ ಗಳಿಕೆಗಿಂತ ನೆರವಿನ ಮೊತ್ತ ಕಡಿಮೆಯಿದ್ದರೆ ಆ ಭಯಕ್ಕೆ ಆಧಾರವಿಲ್ಲ. ಹಣ ಕೊಡಬೇಕಾಗುತ್ತದೆಂದು ಎಚ್ಚರಿಕೆಯನ್ನೇ ತಡೆಹಿಡಿಯುವ ಒತ್ತಡ ಬರಬಹುದೆಂಬುದು ಹೆಚ್ಚು ಗಂಭೀರವಾದ ಆಕ್ಷೇಪ. ಅದಕ್ಕಾಗಿಯೇ ಎಚ್ಚರಿಕೆ ನೀಡುವವರು ಮತ್ತು ಹಣ ಪಾವತಿಸುವವರು ಬೇರೆ ಬೇರೆಯಾಗಿರಬೇಕು. ಖರ್ಚಿನ ಪ್ರಶ್ನೆಯೂ ಇದೆ. ಆದರೆ ಶೋಧ ಕಾರ್ಯಾಚರಣೆಯ ಹಡಗು, ಹೆಲಿಕಾಪ್ಟರುಗಳ ವೆಚ್ಚವನ್ನೂ, ದುಡಿಯುವ ಗಂಡಸನ್ನು ಕಳೆದುಕೊಂಡ ಮನೆಯ ಮುಂದಿನ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿದರೆ ತಕ್ಕಡಿ ಯಾವ ಕಡೆ ವಾಲುತ್ತದೆಂದು ಹೇಳಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ.

ಮುನ್ಸೂಚನೆಗಾಗಿ ದೇಶ ಉಪಗ್ರಹಗಳನ್ನು ಹಾರಿಸಿದೆ, ಕಡಲಿನಲ್ಲಿ ತೇಲುಮಾಪಕಗಳನ್ನು ಇಳಿಸಿದೆ. ಆ ಹೂಡಿಕೆಯ ಫಲ ಕೊನೆಗೆ ನಿರ್ಧಾರವಾಗುವುದು ನಸುಕಿನಲ್ಲಿ ದಡಕ್ಕೆ ಬಂದ ಮೀನುಗಾರ ದೋಣಿಯನ್ನು ನೀರಿಗೆ ನೂಕುತ್ತಾನೋ ಇಲ್ಲವೋ ಎಂಬುದರ ಮೇಲೆ. ಬರುವ ಮುಂಗಡಪತ್ರದಲ್ಲಿ ಅವನ ಆ ಒಂದು ದಿನಕ್ಕಾಗಿ ಸಣ್ಣದೊಂದು ಮೊತ್ತವನ್ನು ತೆಗೆದಿರಿಸಲು ಸರ್ಕಾರ ಮನಸ್ಸು ಮಾಡಲಿ.