ಭೋಂಗಾ ನಿಂತ ಊರಿನ ಹಳಹಳಿಕೆ: ಸೊಲ್ಲಾಪುರವನ್ನು ಕುರಿತು

ಸೊಲ್ಲಾಪುರದ ಹಿರಿಯರೊಡನೆ ಊರಿನ ಮಾತು ತೆಗೆದರೆ ಹೆಚ್ಚು ಹೊತ್ತಾಗುವ ಮೊದಲೇ ‘ಭೋಂಗಾ’ ಎಂಬ ಪದ ಬಂದೇ ಬರುತ್ತದೆ. ಭೋಂಗಾ ಎಂದರೆ ಗಿರಣಿಯ ಕೂಗು, ಪಾಳಿ ಬದಲಾಗುವ ಹೊತ್ತನ್ನು ಇಡೀ ಊರಿಗೆ ಸಾರುತ್ತಿದ್ದ ದನಿ. ಒಲೆ ಹೊತ್ತಿಸುವುದು, ಬುತ್ತಿ ಕಟ್ಟುವುದು, ಮಕ್ಕಳನ್ನು ಶಾಲೆಗೆ ಎಬ್ಬಿಸುವುದು ಎಲ್ಲವೂ ಆ ಕೂಗಿನ ಅಳತೆಯಲ್ಲಿ ನಡೆಯುತ್ತಿತ್ತು. ಈಗ ಕೂಗು ಇಲ್ಲ. ಇರುವುದು ದೂರುಗಳು: ನಲ್ಲಿಯಲ್ಲಿ ನೀರಿಲ್ಲ, ರಸ್ತೆಯ ತುಂಬ ಧೂಳು, ಓದಿದ ಮಕ್ಕಳು ಪುಣೆ ಸೇರಿದರು, ಊರು ಮುದುಕರ ಪಾಲಾಯಿತು. ನೆನಪು ಮತ್ತು ದೂರು ಒಂದೇ ಉಸಿರಿನಲ್ಲಿ ಬರುತ್ತವೆ. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಯಿತೆಂದು ಗುರುತಿಸುವುದು ಕಷ್ಟ.

ಕಳೆದುಹೋದ ಕಾಲವನ್ನು ಕುರಿತ ಇಂಥ ನೆನಪನ್ನು ಕನ್ನಡ ವಿಮರ್ಶೆ ‘ಹಳಹಳಿಕೆ’ ಎಂದು ಕರೆದಿದೆ. ಆ ಪದದಲ್ಲಿ ತುಸು ತಿರಸ್ಕಾರವೂ ಇದೆ. ಹಳಹಳಿಸುವವನು ಇಂದಿಗೆ ಬೆನ್ನು ತೋರಿಸಿದವನು ಎಂಬ ಆರೋಪ ಅದರಲ್ಲಿ ಅಡಗಿದೆ. ಆದರೆ ಒಂದು ಊರಿನ ಹಳಹಳಿಕೆಯನ್ನು ಹಾಗೆ ತಳ್ಳಿಹಾಕುವ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಕಳೆದುಹೋದದ್ದು ನಿಜವಾಗಿ ಏನು? ಸೊಲ್ಲಾಪುರದ ಮಟ್ಟಿಗೆ ಈ ಪ್ರಶ್ನೆಗೆ ದೊರೆಯುವ ಉತ್ತರ ಅಲ್ಲಿನ ಕನ್ನಡದ ಸ್ಥಿತಿಗೂ ನೇರವಾಗಿ ಸಂಬಂಧಿಸಿದೆ.

ಗಿರಣಿ ಕಟ್ಟಿದ ಊರು

ರೈಲು 1860ರಲ್ಲಿ ಸೊಲ್ಲಾಪುರ ಮುಟ್ಟಿತು. ಸುತ್ತಣ ಕರಿಮಣ್ಣಿನ ಹತ್ತಿಗೆ ಮುಂಬಯಿಯ ದಾರಿ ತೆರೆಯಿತು. 1877ರಲ್ಲಿ ಆರಂಭವಾದ ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿಯನ್ನು ಊರವರು ‘ಜುನಿ ಗಿರಣಿ’ ಎಂದು ಕರೆದರು. ಹಳೆಯ ಗಿರಣಿ ಎಂಬ ಆ ಹೆಸರೇ ಮುಂದೆ ಹೊಸವು ಬಂದುದಕ್ಕೆ ಸಾಕ್ಷಿ. ಲಕ್ಷ್ಮೀ, ವಿಷ್ಣು, ನರಸಿಂಗಗಿರಜಿ, ಜಾಮ್ ಗಿರಣಿಗಳು ಒಂದರ ಹಿಂದೆ ಒಂದು ತಲೆಯೆತ್ತಿದವು. 1880ರ ದಶಕದಲ್ಲಿ ಹೋಟಗಿಯಿಂದ ವಿಜಯಪುರದ ಮೇಲೆ ಗದಗದವರೆಗೆ ಮೀಟರ್ ಗೇಜ್ ಹಳಿ ಬಿದ್ದಾಗ ಕನ್ನಡ ನಾಡಿನ ಒಣಬೇಸಾಯದ ಹಳ್ಳಿಗಳಿಗೂ ಈ ಊರು ಹತ್ತಿರವಾಯಿತು. ಮಳೆ ಕೈಕೊಟ್ಟ ವರ್ಷ ದುಡಿಮೆ ಹುಡುಕಿ ಹೊರಟವರಿಗೆ ಮುಂಬಯಿಗಿಂತ ಮೊದಲು ಸಿಗುತ್ತಿದ್ದ ದೊಡ್ಡ ಪೇಟೆ ಇದು.

ಹೀಗೆ ಬಂದವರಲ್ಲಿ ಅಕ್ಕಲಕೋಟೆ, ಇಂಡಿ, ವಿಜಯಪುರ ಸೀಮೆಯ ಕನ್ನಡಿಗರಿದ್ದರು. ತೆಲಂಗಾಣದಿಂದ ಪದ್ಮಶಾಲಿ ನೇಕಾರರು ಬಂದು ಊರಿನ ಪೂರ್ವ ಭಾಗವನ್ನು ತುಂಬಿದರು. ಮರಾಠಿಯ ಜೊತೆಗೆ ದಖನಿ ಮಾತಾಡುವ ಮುಸಲ್ಮಾನರು ಮೊದಲಿನಿಂದ ಇದ್ದರು. ಕನ್ನಡ ಇಲ್ಲಿ ಬಂದು ಸೇರಿದ ಭಾಷೆಯಲ್ಲ. ಹನ್ನೆರಡನೆಯ ಶತಮಾನದ ಸೊನ್ನಲಿಗೆಯ ಕಾಲದಿಂದ ಅದು ಊರಿನ ಮಾತು. ಗಿರಣಿಗಳು ಮಾಡಿದ ಹೊಸ ಕೆಲಸವೆಂದರೆ ಈ ನಾಲ್ಕು ಭಾಷೆಗಳನ್ನು ಒಂದೇ ಸೂರಿನಡಿ, ಒಂದೇ ಪಾಳಿಯಲ್ಲಿ ನಿಲ್ಲಿಸಿದ್ದು. ಖಾತೆ, ಪಾಳಿ, ಪಗಾರ, ಜಾಬರ, ಬಾಬಿನ್ ಎಂಬ ಪದಗಳು ಯಾವ ಒಂದು ಭಾಷೆಯ ಸೊತ್ತಾಗಿಯೂ ಉಳಿಯದೆ ನಾಲ್ಕರಲ್ಲೂ ಸಲೀಸಾಗಿ ಓಡಾಡಿದವು. ಮನೆಯಲ್ಲಿ ಒಂದು, ಸಂತೆಯಲ್ಲಿ ಒಂದು, ಗಿರಣಿಯಲ್ಲಿ ಇನ್ನೊಂದು ಭಾಷೆ ಆಡುವುದು ಪಾಂಡಿತ್ಯವೆನಿಸಲಿಲ್ಲ. ಅದು ಬದುಕಿನ ರೀತಿಯಾಗಿತ್ತು.

ಈ ಕೂಡುಬಾಳು ಎಷ್ಟು ಗಟ್ಟಿಯಾಗಿತ್ತೆಂಬುದು 1930ರ ಮೇ ತಿಂಗಳಲ್ಲಿ ಕಾಣಿಸಿತು. ಗಾಂಧೀಜಿಯವರ ಬಂಧನದ ಸುದ್ದಿ ಬಂದಾಗ ಗಿರಣಿಯ ಜನ ಬೀದಿಗಿಳಿದರು. ಗೋಲಿಬಾರು ನಡೆಯಿತು. ಕೆಲವು ದಿನ ಊರಿನ ಆಡಳಿತ ಬ್ರಿಟಿಷರ ಕೈತಪ್ಪಿತು. ಮಾರ್ಷಲ್ ಲಾ ಜಾರಿಗೆ ಬಂತು. 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿದ ನಾಲ್ವರು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ ಮತ್ತು ಶ್ರೀಕಿಸನ್ ಸಾರಡಾ. ಆ ನಾಲ್ಕು ಹೆಸರುಗಳನ್ನು ಸಾಲಾಗಿ ಓದಿದರೆ ಅಂದಿನ ಸೊಲ್ಲಾಪುರ ಯಾರ ಊರಾಗಿತ್ತೆಂಬುದಕ್ಕೆ ಬೇರೆ ವಿವರಣೆ ಬೇಕಾಗದು.

ನೆನಪು ಬಿಟ್ಟುಬಿಡುವ ಸಂಗತಿ

ಆದರೆ ಹಳಹಳಿಕೆಯಲ್ಲಿ ಕೆಲವು ಸಂಗತಿಗಳು ಕಾಣೆಯಾಗುತ್ತವೆ. ಬ್ರಿಟಿಷರು ‘ಅಪರಾಧಿ ಬುಡಕಟ್ಟು’ಗಳೆಂದು ಪಟ್ಟಿಮಾಡಿದ ಸಮುದಾಯಗಳನ್ನು ಕೂಡಿಹಾಕಿದ ತಂತಿಬೇಲಿಯ ವಸತಿಯೊಂದು ಇದೇ ಊರಿನಲ್ಲಿತ್ತು. ಅಲ್ಲಿ ಹಾಜರಿ ಹಾಕಿ ಗಿರಣಿಗೆ ದುಡಿಯಲು ಹೋಗಿ, ಮರಳಿ ಬೇಲಿಯೊಳಗೆ ಸೇರಬೇಕಿತ್ತು. ಬೇಲಿಯೊಳಗಿನವರಿಗೆ 1952ರವರೆಗೂ ಕಾನೂನಿನ ಬಿಡುಗಡೆ ದೊರೆಯಲಿಲ್ಲ. ‘ಸೆಟಲ್‌ಮೆಂಟ್’ ಎಂಬ ಪದ ಊರಿನ ಬಡಾವಣೆಯ ಹೆಸರಿನಲ್ಲಿ ಇನ್ನೂ ಉಳಿದಿದೆ. ಭೋಂಗಾ ಎಲ್ಲರ ಕಿವಿಗೂ ಒಂದೇ ರೀತಿ ಕೇಳಿಸಿರಲಾರದು. ಒಬ್ಬನಿಗೆ ಪಗಾರದ ಭರವಸೆಯಾಗಿದ್ದ ದನಿ ಇನ್ನೊಬ್ಬನಿಗೆ ಹಾಜರಿಯ ಕರೆಯಾಗಿತ್ತು. ವೈಭವದ ಕಾಲವೆಂದು ನಾವು ಯಾವುದನ್ನು ಕರೆದರೂ ಈ ಬೇಲಿಯನ್ನು ಲೆಕ್ಕಕ್ಕೆ ಹಿಡಿದೇ ಕರೆಯಬೇಕು.

ಕೂಗು ನಿಂತ ಬಗೆ

ಗಿರಣಿಗಳು ಒಂದೇ ದಿನ ಮುಚ್ಚಲಿಲ್ಲ. ಮೊದಲ ಎಚ್ಚರಿಕೆ ಬಹಳ ಹಿಂದೆಯೇ ಬಂದಿತ್ತು. 1949ರ ಆಗಸ್ಟಿನಲ್ಲಿ ಜುನಿ ಗಿರಣಿ ಬಾಗಿಲು ಹಾಕಿತು. ಸಾವಿರಾರು ಜನ ಕೆಲಸ ಕಳೆದುಕೊಳ್ಳುವುದನ್ನು ತಡೆಯಲು ಕೇಂದ್ರ ಸರಕಾರ 1950ರ ಜನವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ ಗಿರಣಿಯ ಆಡಳಿತವನ್ನು ವಹಿಸಿಕೊಂಡಿತು. ಬಳಿಕ ಅದು ಕಾಯ್ದೆಯಾಯಿತು. ಶೇರುದಾರರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1950ರ ಡಿಸೆಂಬರಿನಲ್ಲಿ ಕಾಯ್ದೆ ನಿಂತಿತು. 1953ರ ಡಿಸೆಂಬರಿನಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ಬಿದ್ದಿತು. ಸಂವಿಧಾನದ ಸಮಾನತೆ ಮತ್ತು ಆಸ್ತಿಯ ಹಕ್ಕುಗಳ ಪಾಠ ಓದುವ ಕಾನೂನು ವಿದ್ಯಾರ್ಥಿಗಳಿಗೆ ಸೊಲ್ಲಾಪುರದ ಪರಿಚಯ ಇಂದಿಗೂ ಈ ತೀರ್ಪುಗಳಿಂದಲೇ ಆಗುತ್ತದೆ. ಅದೇ 1950ರಲ್ಲಿ ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಈ ಊರಿನಲ್ಲಿ ಸೇರಿತ್ತು. ಭಾಷೆಯ ಹಬ್ಬ ಮತ್ತು ದುಡಿಮೆಯ ಬಿಕ್ಕಟ್ಟು ಒಂದೇ ವರ್ಷ ಒಂದೇ ಊರಿನಲ್ಲಿದ್ದವು. ಅವೆರಡರ ನಡುವಿನ ನಂಟನ್ನು ಆಮೇಲೆಯೂ ನಾವು ಹೆಚ್ಚಾಗಿ ಯೋಚಿಸಲಿಲ್ಲ.

ಮುಂದಿನ ಕಥೆ ದೇಶದ ಬಹುತೇಕ ಗಿರಣಿ ಊರುಗಳದ್ದೇ. ನೂಲುವುದು, ನೇಯುವುದು, ಬಣ್ಣ ಕಟ್ಟುವುದು ಎಲ್ಲವನ್ನೂ ಒಂದೇ ಆವರಣದಲ್ಲಿ ಮಾಡುತ್ತಿದ್ದ ದೊಡ್ಡ ಗಿರಣಿಗೆ ಕಾಯಂ ಕೂಲಿ, ಭವಿಷ್ಯನಿಧಿ, ಹಳೆಯ ಯಂತ್ರಗಳ ದುರಸ್ತಿ ಎಲ್ಲದರ ಭಾರವಿತ್ತು. ಸಣ್ಣ ಶೆಡ್ಡುಗಳ ವಿದ್ಯುತ್ ಮಗ್ಗಗಳಿಗೆ ಆ ಭಾರವಿರಲಿಲ್ಲ. ಬಟ್ಟೆ ಅಗ್ಗವಾಗಿ ಬಂತು. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಗಿರಣಿಗಳ ಕೂಗು ಬಹುಮಟ್ಟಿಗೆ ಅಡಗಿತ್ತು. ಹಾಗೆಂದು ನೇಯ್ಗೆ ಸಾಯಲಿಲ್ಲ. ಸೊಲ್ಲಾಪುರಿ ಚಾದರಕ್ಕೆ ಭೌಗೋಳಿಕ ಸೂಚಕದ ಮನ್ನಣೆ ಇದೆ. ಟವೆಲ್ಲುಗಳು ಹೊರದೇಶಗಳಿಗೆ ಹೋಗುತ್ತವೆ. ಬದಲಾದದ್ದು ದುಡಿಮೆಯ ಜಾಗ. ಅದು ಗಿರಣಿಯಿಂದ ಓಣಿಯ ಶೆಡ್ಡಿಗೆ ಸರಿಯಿತು. ಹೆಂಗಸರು ಬೀಡಿ ಸುತ್ತುವ ಮನೆಯ ಪಡಸಾಲೆಯೂ ಕಾರ್ಖಾನೆಯಾಯಿತು.

ಭಾಷೆಯ ದೃಷ್ಟಿಯಿಂದ ಈ ಸ್ಥಾನಪಲ್ಲಟ ಮುಖ್ಯವಾದದ್ದು. ಗಿರಣಿಯಲ್ಲಿ ಬೇರೆ ಭಾಷೆಯವನ ಪಕ್ಕದಲ್ಲಿ ನಿಂತು ದುಡಿಯುವುದು ಅನಿವಾರ್ಯವಾಗಿತ್ತು. ಓಣಿಯ ಶೆಡ್ಡಿನಲ್ಲಿ ಹೆಚ್ಚಾಗಿ ತನ್ನವರೇ ಇರುತ್ತಾರೆ. ಎಲ್ಲ ಭಾಷೆಗಳೂ ಕೂಡುತ್ತಿದ್ದ ನೆಲ ಇಲ್ಲವಾದಾಗ ಪ್ರತಿಯೊಂದೂ ತನ್ನ ಪೇಠೆಗೆ ಮರಳಿತು. ಹೊರಗಿನ ವ್ಯವಹಾರಕ್ಕೆ ರಾಜ್ಯಭಾಷೆ ಸಾಕೆನಿಸಿತು. ಸೊಲ್ಲಾಪುರದಲ್ಲಿ ಕನ್ನಡ ಕುಗ್ಗಿದ್ದಕ್ಕೆ 1956ರ ರಾಜ್ಯ ಪುನರ್ವಿಂಗಡಣೆಯೊಂದನ್ನೇ ಕಾರಣವೆನ್ನುವುದು ನಮ್ಮ ಬರಹಗಳಲ್ಲಿ ರೂಢಿ. ಗಡಿರೇಖೆಯ ಪಾತ್ರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಗಡಿ ಬದಲಾಗದ ನಂತರದ ದಶಕಗಳಲ್ಲೂ ಕನ್ನಡ ಬೀದಿಯಿಂದ ಮನೆಯೊಳಕ್ಕೆ ಸರಿದದ್ದನ್ನು ವಿವರಿಸಬೇಕಾದರೆ ಗಿರಣಿಯ ಗೇಟಿನ ಬಳಿಗೂ ಹೋಗಬೇಕಾಗುತ್ತದೆ.

ಕೆರೆಯ ಅಳತೆಗೋಲು

ಹಾಗಾದರೆ ಊರೊಂದು ಚೆನ್ನಾಗಿದೆಯೆಂದೂ ಕೆಟ್ಟಿತೆಂದೂ ಅಳೆಯುವುದು ಹೇಗೆ? ಸೊಲ್ಲಾಪುರಕ್ಕೆ ಗಿರಣಿಗಿಂತ ಹಳೆಯದಾದ ಒಂದು ಅಳತೆಗೋಲು ಕನ್ನಡದಲ್ಲಿದೆ. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ ಈ ಊರು ಹುಟ್ಟಿದ ಬಗೆಯನ್ನು ಹೇಳುವ ಕಾವ್ಯ. ಅಲ್ಲಿ ಊರನ್ನು ಕಟ್ಟುವವನು ಅರಸನಲ್ಲ. ಕೆರೆ ಅಗೆಯಿಸುವ ಶರಣ. ಸೊನ್ನಲಿಗೆ ಅಭಿನವ ಶ್ರೀಶೈಲವಾಗುವುದು ಜನ ಸೇರಿ ಮಣ್ಣು ಹೊತ್ತುದರಿಂದ. ಶೂನ್ಯಸಂಪಾದನೆಯಲ್ಲಿ ಅಲ್ಲಮ ಬಂದು ಈ ಕೆರೆಯ ಕೆಲಸವನ್ನೇ ಪ್ರಶ್ನಿಸುತ್ತಾನೆ, ಸಿದ್ಧರಾಮನನ್ನು ಒಡ್ಡನೆಂದು ಕರೆಯುತ್ತಾನೆ. ಕಟ್ಟಿದ್ದನ್ನೇ ನೆಚ್ಚಿ ಕೂರಬಾರದೆಂಬ ಆ ಎಚ್ಚರವೂ ಪರಂಪರೆಯ ಭಾಗವೇ. ಇಪ್ಪತ್ತನೆಯ ಶತಮಾನದಲ್ಲಿ ಇದೇ ಊರಿನ ಜಯದೇವಿತಾಯಿ ಲಿಗಾಡೆಯವರು ಸಿದ್ಧರಾಮನನ್ನು ಕುರಿತು ಪುರಾಣ ಬರೆದರು. 1974ರಲ್ಲಿ ಮಂಡ್ಯದ ಸಮ್ಮೇಳನದ ಅಧ್ಯಕ್ಷರಾಗಿ ಆ ಪೀಠವೇರಿದ ಮೊದಲ ಮಹಿಳೆಯಾದರು. ಊರಿನ ಕನ್ನಡ ನೆನಪು ಮತ್ತೆ ಮತ್ತೆ ಮರಳುವುದು ಕೆರೆಯ ದಂಡೆಗೆ.

ಆ ದಂಡೆಯಲ್ಲಿ ನಿಂತು ಇಂದಿನ ನಗರವನ್ನು ನೋಡಿದರೆ ಹಿರಿಯರ ಸಿಟ್ಟು ಅರ್ಥವಾಗುತ್ತದೆ. 2011ರ ಜನಗಣತಿಯಂತೆ ಒಂಬತ್ತೂವರೆ ಲಕ್ಷ ಜನರಿರುವ ಊರು ಇದು. ಭೀಮೆಗೆ ಅಡ್ಡಲಾಗಿ ಕಟ್ಟಿದ ಉಜನಿಯ ದೊಡ್ಡ ಜಲಾಶಯ ಇದೇ ಜಿಲ್ಲೆಯಲ್ಲಿದೆ. ಆದರೂ ಇತ್ತೀಚಿನ ವರ್ಷಗಳಲ್ಲಿ ಊರಿನ ಬಹಳಷ್ಟು ಮನೆಗಳಿಗೆ ನಲ್ಲಿ ನೀರು ಬಂದದ್ದು ನಾಲ್ಕೈದು ದಿನಗಳಿಗೊಮ್ಮೆ. ಕೆರೆಯಿಂದಲೇ ಹುಟ್ಟಿದ ಊರಿನಲ್ಲಿ ಕೊಡಗಳ ಸಾಲು ಇರುವುದು ಕೇವಲ ಆಡಳಿತದ ಲೋಪವಲ್ಲ. ಊರು ತನ್ನ ಮೂಲ ಕರಾರನ್ನು ಮರೆತದ್ದರ ಗುರುತು. ಹಳಹಳಿಕೆಯ ಒಳಗಿರುವ ನ್ಯಾಯವಾದ ಬೇಡಿಕೆ ಇದು. ಚಿಮಣಿಗಳು ಮರಳುವುದಿಲ್ಲ, ಮರಳಲೇಬೇಕೆಂದೂ ಇಲ್ಲ. ನೀರು, ನೆಚ್ಚಬಹುದಾದ ದುಡಿಮೆ, ನಾಲ್ಕು ಭಾಷೆಯವರು ಕೂಡುವ ಒಂದು ಜಾಗ ಮಾತ್ರ ಮರಳಬೇಕು.

ಎಲ್ಲವೂ ಮುಗಿದಿಲ್ಲ ಎಂಬುದಕ್ಕೂ ಗುರುತುಗಳಿವೆ. ಊರ ಹೊರಗಿನ ಕುಂಭಾರಿಯಲ್ಲಿ ಬೀಡಿ ಕಾರ್ಮಿಕ ಹೆಂಗಸರೂ ಅಸಂಘಟಿತ ದುಡಿಮೆಗಾರರೂ ವರ್ಷಗಟ್ಟಲೆ ಹೋರಾಡಿ ಮನೆ ಪಡೆದಿದ್ದಾರೆ. 2024ರ ಜನವರಿಯಲ್ಲಿ ಅಲ್ಲಿ 15,000 ಮನೆಗಳು ಹಸ್ತಾಂತರವಾದವು. ಪ್ರತಿ ಸಂಕ್ರಾಂತಿಗೆ ಗಡ್ಡಾ ಯಾತ್ರೆಯಲ್ಲಿ ಏಳು ನಂದಿಧ್ವಜಗಳು ಸಿದ್ಧರಾಮ ಸ್ಥಾಪಿಸಿದನೆನ್ನಲಾದ ಅರವತ್ತೆಂಟು ಲಿಂಗಗಳನ್ನು ಸುತ್ತಿ ಬರುತ್ತವೆ. ಅಕ್ಷತೆ ಬೀಳುವ ಜಾಗಕ್ಕೆ ಸಮ್ಮತಿ ಕಟ್ಟೆ ಎಂದೇ ಹೆಸರು. ಊರಿನ ಹಳೆಯ ಎಲ್ಲೆಯನ್ನು ಇಂದಿಗೂ ಕಾಲ್ನಡಿಗೆಯಿಂದ ಅಳೆಯುವ ಜನರಿದ್ದಾರೆ ಎಂಬುದು ಸಣ್ಣ ಮಾತಲ್ಲ.

ಕನ್ನಡ ಸಂಶೋಧನೆಯ ಮುಂದಿರುವ ಕೆಲಸ ಈಗ ಸ್ಪಷ್ಟವಾಗಿದೆ, ತುರ್ತಿನದೂ ಆಗಿದೆ. ಸೊಲ್ಲಾಪುರದ ಶಾಸನ, ವಚನ, ಪುರಾಣಗಳ ಮೇಲೆ ನಮ್ಮಲ್ಲಿ ಕೆಲಸ ನಡೆದಿದೆ. ಗಿರಣಿಯ ಕನ್ನಡವನ್ನು ಅಷ್ಟು ಆಸ್ಥೆಯಿಂದ ಸಂಗ್ರಹಿಸಿಲ್ಲ. ಯಂತ್ರದ ಭಾಗಗಳಿಗೆ ಇಟ್ಟ ಹೆಸರು, ಮುಷ್ಕರದ ಘೋಷಣೆ, ಜಾಬರನ ಮೇಲಿನ ಬೈಗುಳ, ಚಾಳಿನ ಹೆಂಗಸರು ಕಟ್ಟಿದ ಹಾಡು ಇವುಗಳನ್ನು ಬಲ್ಲವರೆಲ್ಲ ಈಗ ಎಪ್ಪತ್ತರ ಆಚೆಗಿದ್ದಾರೆ. ಅವರ ಮಾತನ್ನು ಕನ್ನಡದಲ್ಲಿ ಮಾತ್ರ ಕೇಳಿದರೆ ಕಾಲು ಭಾಗ ಸಿಕ್ಕೀತು. ಮರಾಠಿ, ತೆಲುಗು, ದಖನಿಗಳಲ್ಲಿಯೂ ಕೇಳಬೇಕು. ಬೇಲಿಯೊಳಗಿದ್ದವರ ಮಕ್ಕಳ ಮಾತನ್ನೂ ಸೇರಿಸಿಕೊಳ್ಳಬೇಕು. ಹಳಹಳಿಕೆಯನ್ನು ದಾಖಲೆಯಾಗಿ ಮಾರ್ಪಡಿಸುವ ದಾರಿ ಇದೊಂದೇ. ದಾಖಲೆ ಕೈಯಲ್ಲಿದ್ದರೆ ನಾಳೆ ಊರಿನ ತರುಣರು ನೀರನ್ನು, ಶಾಲೆಯನ್ನು, ಕೆಲಸವನ್ನು ಕೇಳುವಾಗ ತಮ್ಮ ಅಜ್ಜಂದಿರು ಯಾವುದನ್ನು ಹೇಗೆ ಪಡೆದಿದ್ದರೆಂದು ಹೇಳಿ ಕೇಳಬಲ್ಲರು.